ಬಿಲ್ಲು ಕೇಳುವ ಮೊದಲು ಲೆಕ್ಕ ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಕಾರವಾರದ ಒಬ್ಬರು ಬರೆದ ಪತ್ರ ಓದಿದೆ. ಹಂದಿ, ನವಿಲುಗಳ ಕಾಟ ತಾಳಲು ಆಗುತ್ತಿಲ್ಲ. ಅಮೆರಿಕದಲ್ಲಿ ಕಾಡು ಟರ್ಕಿ ಕೋಳಿಗಳನ್ನು ಬಿಲ್ಲು ಬಾಣದಲ್ಲಿ ಹೊಡೆಯುತ್ತಾರಂತೆ, ನಮ್ಮ ರೈತರಿಗೂ ಹಾಗೇ ಅನುಮತಿ ಕೊಡಲಿ ಎಂದು ಅವರು ಕೇಳಿದ್ದಾರೆ. ಬಿಲ್ಲಾದರೆ ಸದ್ದಿಲ್ಲ, ತೋಟೆಯ ಖರ್ಚಿಲ್ಲ, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಹೊತ್ತು ಹಾಕುವ ರಗಳೆಯೂ ಇಲ್ಲ ಎಂದು ಬರೆದಿದ್ದಾರೆ.

ಅವರ ಸಂಕಟ ಸುಳ್ಳಲ್ಲ. ಶಿರಸಿ ತಾಲ್ಲೂಕಿನಲ್ಲಿ ನನಗೂ ಒಂದಿಷ್ಟು ಅಡಿಕೆ ತೋಟ, ಅದರ ಕೆಳಗೆ ಗದ್ದೆ ಇದೆ. ಎಲೆಚುಕ್ಕಿ ರೋಗ ಬಿಟ್ಟದ್ದು ಮಂಗನ ಪಾಲು, ಮಂಗ ಬಿಟ್ಟದ್ದು ಹಂದಿಯ ಪಾಲು. ಭತ್ತ ಹಾಲು ತುಂಬುವ ಹೊತ್ತಿಗೆ ಕಾವಲಿನ ಮಾಳದಲ್ಲಿ ರಾತ್ರಿಯಿಡೀ ಕೂತು ಡಬ್ಬ ಬಡಿಯುವವರಲ್ಲಿ ನಾನೂ ಒಬ್ಬ. ಹಾಗಾಗಿ ಪ್ರಾಣಿದಯೆಯ ಉಪದೇಶ ಮಾಡಲು ಈ ಪತ್ರ ಬರೆಯುತ್ತಿಲ್ಲ. ಅವರು ಹೇಳಿದ ಆ ಟರ್ಕಿ ಬೇಟೆಯನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಇಂಥ ಬೇಟೆಯ ವಿಡಿಯೋಗಳಲ್ಲಿ ಬಾಣ ಬಿಟ್ಟದ್ದು, ಹಕ್ಕಿ ಬಿದ್ದದ್ದು ಮಾತ್ರ ಕಾಣುತ್ತದೆ. ಅದರ ಹಿಂದೆ ಮುಂದೆ ಏನಿದೆ ಎಂದು ಹೇಳಬೇಕು ಅನಿಸಿತು.

ಮಗಳು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿದ್ದಾಳೆ. ಅಲ್ಲಿಂದ ಎರಡು ತಾಸು ಪಶ್ಚಿಮಕ್ಕೆ ಹೋದರೆ ಗುಡ್ಡ, ಕಣಿವೆ, ಓಕ್ ಮರ, ಹೈನುಗಾರರ ಹೊಲ. ಕಾಲೇಜಿನಲ್ಲಿ ಜತೆಗಿದ್ದ ಅಂಕೋಲೆಯ ಗೆಳೆಯ ಆ ಕಡೆ ಮನೆ ಮಾಡಿಕೊಂಡಿದ್ದಾನೆ. ಹುಡುಗನಾಗಿದ್ದಾಗ ಅಘನಾಶಿನಿ ಹಿನ್ನೀರಿನಲ್ಲಿ ಗಾಳ ಹಾಕುತ್ತಿದ್ದವನು ಈಗ ಏಪ್ರಿಲ್ ಬಂತೆಂದರೆ ಬಿಲ್ಲು ಒರೆಸಿಕೊಂಡು ಕೂರುತ್ತಾನೆ. ನಾನೋ ಮೀನಿನ ವಾಸನೆಗೂ ಮುಖ ತಿರುಗಿಸುವ ಹವ್ಯಕ. "ನೀ ಸುಮ್ನೆ ಕೂತು ನೋಡು ಮಾರಾಯ, ಯಾರೂ ಜಾತಿಯಿಂದ ಹೊರಗೆ ಹಾಕುವುದಿಲ್ಲ" ಎಂದು ಎಳೆದುಕೊಂಡು ಹೋದ.

ಬೆಳಕು ಹರಿಯಲು ಇನ್ನೂ ಬಹಳ ಹೊತ್ತಿರುವಾಗಲೇ ಒಬ್ಬ ಹೈನುಗಾರರ ಹೊಲದ ಅಂಚಿಗೆ ಹೋದೆವು. ಅವರ ಒಪ್ಪಿಗೆ ಮೊದಲೇ ಆಗಿತ್ತು. ಮಡಚಿ ಹೆಗಲಿಗೆ ಹಾಕಿಕೊಳ್ಳುವ ಬಟ್ಟೆ ಗುಡಾರ ಬಿಡಿಸಿ ಒಳಗೆ ಎರಡು ಸ್ಟೂಲು ಇಟ್ಟ. ನಮ್ಮ ಹಳಬರು ಮರಸು ಕೂರುವುದು ಎನ್ನುತ್ತಿದ್ದರಲ್ಲ, ಅದೇ. ಒಳಗೆಲ್ಲ ಕಪ್ಪು. ನನಗೂ ಕಪ್ಪು ಅಂಗಿ ಕೊಟ್ಟಿದ್ದ. ಎದುರಿನ ಕಿಂಡಿ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದ. ಹಿಂದಿನಿಂದ ಬೆಳಕು ಬಂದರೆ ನಮ್ಮ ನೆರಳು ಅಲುಗುವುದು ಹಕ್ಕಿಗೆ ಕಾಣುತ್ತದಂತೆ. ಟರ್ಕಿಗೆ ವಾಸನೆ ಹಿಡಿಯುವ ಶಕ್ತಿ ಕಡಿಮೆ, ಕಣ್ಣು ಮಾತ್ರ ಬಲು ಚುರುಕು, ಬಣ್ಣವೂ ಗೊತ್ತಾಗುತ್ತದೆ. ಗುಡಾರದ ಎದುರು ಹದಿನೈದು ಗಜದೊಳಗೆ ಎರಡು ಗೊಂಬೆ ಹಕ್ಕಿ ನೆಟ್ಟ. ಒಂದು ಹೆಣ್ಣು, ಇನ್ನೊಂದು ಎಳೆ ಗಂಡು. ತನ್ನ ಜಾಗದಲ್ಲಿ ಪೋರನೊಬ್ಬ ಹೆಣ್ಣಿನ ಪಕ್ಕ ನಿಂತಿದ್ದಾನೆ ಎಂದು ದೊಡ್ಡ ಗಂಡಿಗೆ ಸಿಟ್ಟು ಬರಲಿ ಎಂಬುದು ಲೆಕ್ಕ.

ನಮ್ಮಲ್ಲಿ ಕೆಲವರು ಸಾಕುವ ಮೈಭಾರದ ಟರ್ಕಿಯಲ್ಲ ಇದು. ರಾತ್ರಿ ಮರದ ಮೇಲೆ ಮಲಗುತ್ತದೆ, ಚೆನ್ನಾಗಿ ಹಾರುತ್ತದೆ, ಓಡಿದರೆ ನಾಯಿಗೂ ಸುಲಭಕ್ಕೆ ಸಿಗುವುದಿಲ್ಲ. ಕತ್ತಲಿನಲ್ಲೇ ಗಂಡುಗಳು ಮರದಿಂದ ಕೂಗು ಹಾಕಿದವು. ಗೆಳೆಯ ಅಂಗೈಯಗಲದ ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಹೆಣ್ಣಿನ ದನಿ ತೆಗೆದ. ಕಾಡಿನಿಂದ ಉತ್ತರ ಬಂತು. ಮತ್ತೆ ಉಜ್ಜಲಿಲ್ಲ. "ಜಾಸ್ತಿ ಕರೆದರೆ ಅನುಮಾನ ಬರ್ತದೆ" ಎಂದ.

ಮೊದಲ ಸಲ ಬಂದ ಗಂಡಿಗೆ ಅವನು ಬಾಣ ಬಿಡಲೇ ಇಲ್ಲ. ಹಕ್ಕಿ ಗೊಂಬೆಯ ಹತ್ತಿರವೇ ಬಂದು ಬಾಲ ಬಿಚ್ಚಿತು. ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತಾ ಒಂದು ಸುತ್ತು ಹಾಕಿತು. ನೆತ್ತಿ ಬಿಳಿ, ಕೆನ್ನೆ ನೀಲಿ, ಕತ್ತು ಕೆಂಪು. ನೋಡ್ತಾ ನೋಡ್ತಾ ಕೆಂಪು ಏರುತ್ತದೆ, ಇಳಿಯುತ್ತದೆ. ಎದೆಯೊಳಗಿನಿಂದ ಒಂದು ಶಬ್ದ, ದೂರದಲ್ಲಿ ನಿಂತ ಲಾರಿಯ ಎಂಜಿನ್ ಗುರುಗುಟ್ಟಿದ ಹಾಗೆ. ಅದು ಬೆನ್ನು ತಿರುಗಿಸಿ, ಬಿಚ್ಚಿದ ಬಾಲ ಅದರ ಕಣ್ಣಿಗೇ ಅಡ್ಡ ಬಂದ ಹೊತ್ತು ನೋಡಿ ಗೆಳೆಯ ಬಿಲ್ಲು ಎಳೆದ. ಗಾಲಿ ಕೂರಿಸಿದ ಬಿಲ್ಲು ಅದು. ಎಳೆಯುವಾಗ ಭಾರ, ಪೂರ್ತಿ ಎಳೆದ ಮೇಲೆ ಕೈಗೆ ಬೀಳುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೂ ತೋಳು ನಡುಗುವುದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ನಿಜವಾದ ಹೆಣ್ಣು ಬಂದು ಗಂಡಿನ ಆಚೆ ಸಾಲಿಗೆ ನಿಂತಿತು. ಬಾಣ ಒಂದನ್ನು ದಾಟಿ ಇನ್ನೊಂದಕ್ಕೆ ಹೋಗಬಹುದು. ಅವನು ಬಿಲ್ಲನ್ನು ಮೆಲ್ಲಗೆ ಸಡಿಲಿಸಿದ. ಎರಡೂ ಮೇಯುತ್ತಾ ಹೋದವು. ನನಗೆ ಒಳಗೊಳಗೇ ಖುಷಿಯಾಯಿತು, ಅವನಿಗೆ ಹೇಳಲಿಲ್ಲ.

ಹೆಣ್ಣನ್ನು ಯಾಕೆ ಬಿಟ್ಟ? ಅಲ್ಲಿ ವಸಂತ ಕಾಲದಲ್ಲಿ ಗಂಡು ಮಾತ್ರ ಹೊಡೆಯಬಹುದು. ಅಥವಾ ಎದೆಯಿಂದ ಕೂದಲಿನಂಥ ಗರಿಯ ಗೊಂಚಲು ಜೋತು ಬಿದ್ದ ಹಕ್ಕಿ. ಅದಕ್ಕೆ ಗಡ್ಡ ಎನ್ನುತ್ತಾರೆ, ಅಪರೂಪಕ್ಕೆ ಹೆಣ್ಣಿಗೂ ಇರುತ್ತದೆ. ಹೆಣ್ಣುಗಳು ಮೊಟ್ಟೆ ಇಡುವ, ಕಾವು ಕೂರುವ ಕಾಲ ಅದು. ಒಂದು ಗಂಡು ಹಲವು ಹೆಣ್ಣುಗಳ ಜತೆ ಕೂಡುವ ಜಾತಿಯಾದ್ದರಿಂದ ಒಂದಿಷ್ಟು ಗಂಡು ಕಡಿಮೆಯಾದರೂ ಮರಿಯ ಸಂಖ್ಯೆಗೆ ಪೆಟ್ಟಿಲ್ಲ.

ಇನ್ನೊಂದು ದಿನ ಹೊಡೆದ. ಬಾಣ ತಾಗಿದ ಹಕ್ಕಿ ಕಾಡಿನ ಅಂಚಿನವರೆಗೆ ಓಡಿ ಬಿತ್ತು. ಪ್ರಾಣ ಹೋಗುವ ಜಾಗ ಒಂದು ಮುಷ್ಟಿಯಷ್ಟೇ ದೊಡ್ಡದು, ಉಳಿದದ್ದೆಲ್ಲ ಬರೀ ಗರಿ. ಸ್ವಲ್ಪ ಆಚೀಚೆ ಆದರೆ ಹಕ್ಕಿ ಗಾಯ ಹೊತ್ತು ಹಾರಿಹೋಗಿ ಎಲ್ಲೋ ಸಾಯುತ್ತದೆ. ಅದಕ್ಕಾಗಿಯೇ ಅವನು ಚಳಿಗಾಲವೆಲ್ಲ ಹುಲ್ಲಿನ ಗುರಿಗೆ ಬಾಣ ಬಿಡುತ್ತಾನಂತೆ. ಎತ್ತಿ ನೋಡಿದೆ. ಎಂಟು ಒಂಬತ್ತು ಕೆಜಿ ಇರಬೇಕು. ಎದೆಯ ಗರಿ ಕಪ್ಪು ಅಂದುಕೊಂಡಿದ್ದೆ, ಬಿಸಿಲಿಗೆ ಹಿಡಿದರೆ ತಾಮ್ರ, ಹಸಿರು ಎಲ್ಲ ಹೊಳೆಯಿತು. ಮನೆಗೆ ಹೋಗಿ ಕೊಯ್ದಾಗ ಕತ್ತಿನ ಬುಡದ ಚೀಲದಲ್ಲಿ ಕ್ಲೋವರ್ ಸೊಪ್ಪು, ಹುಳ, ಒಂದಿಷ್ಟು ಮೆಕ್ಕೆಜೋಳ. ಅಲ್ಲಿಯ ರೈತರೂ ಬಿತ್ತಿದ ಜೋಳವನ್ನು ಟರ್ಕಿ ಕೆದಕಿ ತಿನ್ನುತ್ತದೆ ಎಂದು ಬಯ್ಯುತ್ತಾರೆ. ಆದರೆ ಹೊಲಕ್ಕೆ ಹೋಗಿ ನೋಡಿದವರು ಹೇಳುವುದು ಬೇರೆ. ಹಾನಿಯ ಬಹುಪಾಲು ರಾತ್ರಿ ಬರುವ ಜಿಂಕೆ ಮತ್ತು ರಕೂನ್ ಎಂಬ ಸಣ್ಣ ಕಾಡುಪ್ರಾಣಿಗಳದ್ದು. ಹಗಲಲ್ಲಿ ಎದುರಿಗೆ ಕಾಣುವ ಹಕ್ಕಿಯ ತಲೆಗೆ ಅಪವಾದ ಬರುತ್ತದೆ. ಬನವಾಸಿ, ಮುಂಡಗೋಡ ಕಡೆಯ ಹೊಲದ ನವಿಲುಗಳ ವಿಷಯದಲ್ಲೂ ಸ್ವಲ್ಪ ಹೀಗೇ ಆಗುತ್ತಿದೆಯೇ ಎಂದು ನನಗೆ ಅನುಮಾನ. ನವಿಲು ತಿನ್ನುವುದಿಲ್ಲ ಎನ್ನುತ್ತಿಲ್ಲ. ಎಷ್ಟು ತಿಂದಿತು, ಹಂದಿ ಎಷ್ಟು ತಿಂದಿತು ಎಂದು ಯಾರು ನೋಡಿ ಬರೆದಿಟ್ಟಿದ್ದಾರೆ?

ಈಗ ವಿಡಿಯೋದಲ್ಲಿ ಬಾರದ ಭಾಗಕ್ಕೆ ಬರುತ್ತೇನೆ. ಕೈ ತೊಳೆದವನೇ ಗೆಳೆಯ ಊಟದ ಮೇಜಿನ ಮೇಲೆ ಫೋನ್ ಇಟ್ಟು ಹಕ್ಕಿಯನ್ನು ನೋಂದಣಿ ಮಾಡಿದ. ಪರವಾನಗಿಯ ಸಂಖ್ಯೆ, ಯಾವ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಬಲಿತದ್ದೋ ಎಳೆಯದೋ, ಎಲ್ಲ ಕೇಳಿತು. ಹೊಡೆದ ಮರುದಿನ ಸಂಜೆ 5ರೊಳಗೆ ಇದು ಆಗಲೇಬೇಕು. ಆ ಪರವಾನಗಿಗೆ ಹಿಂದಿನ ವರ್ಷ ಡಿಸೆಂಬರ್ 10ರೊಳಗೆ ಅರ್ಜಿ ಹಾಕಿ, ಚೀಟಿ ಎತ್ತಿದಾಗ ಸಿಕ್ಕಿತ್ತು. ರಾಜ್ಯವನ್ನು 7 ವಲಯ ಮಾಡಿದ್ದಾರೆ, ವಸಂತದ ಬೇಟೆಯನ್ನು ಒಂದೊಂದು ವಾರದ 6 ಸರದಿ ಮಾಡಿದ್ದಾರೆ. ನಿಮ್ಮ ವಲಯ ಬಿಟ್ಟು ಆಚೆ ಹೋಗುವ ಹಾಗಿಲ್ಲ, ವಾರ ದಾಟಿದರೆ ಆ ಚೀಟಿ ಕಸಕ್ಕೆ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತಾ ತರಬೇತಿ ಪಾಸಾಗದಿದ್ದರೆ ಲೈಸೆನ್ಸ್ ಇಲ್ಲ.

"ಇಷ್ಟು ದೊಡ್ಡ ಹಕ್ಕಿಗೆ ಪೇಟೆಯಲ್ಲಿ ಎಷ್ಟು ಸಿಗ್ತದೆ?" ಎಂದು ಕೇಳಿದೆ. ಅಡಿಕೆ ಬೆಳೆಗಾರನಿಗೆ ರೇಟು ಕೇಳದೆ ಇರಲು ಆಗುತ್ತದಾ. "ಮಾರಿದ್ರೆ ಕೇಸು ಮಾರಾಯ" ಎಂದ. ಕಾಡು ಹಕ್ಕಿಯ ಮಾಂಸ ಮಾರುವ ಹಾಗಿಲ್ಲ. ತಿನ್ನು, ನೆಂಟರಿಗೆ ಕೊಡು, ಅಷ್ಟೇ. ನನಗೆ ಇಡೀ ಪ್ರಯಾಣದಲ್ಲಿ ಅತ್ಯಂತ ದೊಡ್ಡ ವಿಷಯ ಅನಿಸಿದ್ದು ಇದು. ಯಾಕೆಂದರೆ ಅಲ್ಲಿಯ ಟರ್ಕಿ ಒಮ್ಮೆ ಅಳಿದದ್ದೇ ಕಾಡು ಕಡಿದು, ಹೊಡೆದು, ಪೇಟೆಗೆ ಮಾರಿ. ವಿಸ್ಕಾನ್ಸಿನ್‌ನಲ್ಲಿ 1881ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು. ಅವಕ್ಕೆ ಕಾಡಿನಲ್ಲಿ ಬದುಕುವ ಬುದ್ಧಿಯೇ ಇರಲಿಲ್ಲ, ಉಳಿಯಲಿಲ್ಲ. ಕೊನೆಗೆ 1976ರಲ್ಲಿ ಮಿಸ್ಸೌರಿ ರಾಜ್ಯದಿಂದ ಕಾಡಿನಲ್ಲೇ ಬಲೆಗೆ ಸಿಕ್ಕ ಟರ್ಕಿಗಳನ್ನು ತಂದು ವರ್ನನ್ ಕೌಂಟಿಯಲ್ಲಿ ಬಿಟ್ಟರು. ಬದಲಿಗೆ ವಿಸ್ಕಾನ್ಸಿನ್‌ನವರು ತಮ್ಮ ಕಾಡಿನ ಗ್ರೌಸ್ ಹಕ್ಕಿ ಕೊಟ್ಟರು. ಎರಡು ಸರ್ಕಾರಗಳು ಹಕ್ಕಿಗೆ ಹಕ್ಕಿ ಅದಲುಬದಲು ಮಾಡಿಕೊಂಡದ್ದನ್ನು ಕೇಳಿ ನನಗೆ ನಗು ಬಂತು. ನಾವು ಕೂತಿದ್ದ ಹೊಲ ಅದೇ ಕೌಂಟಿಯದು. ಬಿಟ್ಟ ತಕ್ಷಣ ಬೇಟೆ ಶುರುವಾಗಲಿಲ್ಲ. ಏಳು ವರ್ಷ ಕಾದು, 1983ರಲ್ಲಿ ಮೊದಲ ಸಲ ಅನುಮತಿ ಕೊಟ್ಟರು.

ದುಡ್ಡು ಎಲ್ಲಿಂದ ಬಂತು? 1937ರಲ್ಲಿ ಅಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬೇಟೆ ಕೋವಿ ಮತ್ತು ತೋಟೆಗಳ ಮೇಲಿನ ತೆರಿಗೆ ವನ್ಯಜೀವಿಗೇ ಮೀಸಲು ಎಂದಾಯಿತು. 1970ರ ದಶಕದಲ್ಲಿ ಬಿಲ್ಲು ಬಾಣವನ್ನೂ ಇದಕ್ಕೆ ಸೇರಿಸಿದರು. ಅಂದರೆ ನನ್ನ ಗೆಳೆಯ ಬಿಲ್ಲು ಕೊಂಡಾಗಲೇ ಕಾಡಿಗೆ ಕಾಸು ಹೋಗಿದೆ. ವಿಸ್ಕಾನ್ಸಿನ್‌ನಲ್ಲಂತೂ ಬೇಟೆ ಲೈಸೆನ್ಸಿನ ಜತೆ ವಸೂಲಿ ಮಾಡುವ ಹೆಚ್ಚುವರಿ ಶುಲ್ಕದಿಂದಲೇ ರೈತರಿಗೆ ಬೆಳೆ ಪರಿಹಾರ ಕೊಡುತ್ತಾರೆ. ಪರಿಹಾರ ಪಡೆದ ರೈತ ತನ್ನ ಹೊಲದಲ್ಲಿ ಬೇಟೆಗೆ ಅವಕಾಶ ಕೊಡಬೇಕು. ಹಕ್ಕಿ ಹೊಡೆಯುವವನ ದುಡ್ಡು ಹಕ್ಕಿಯಿಂದ ನಷ್ಟ ಆದವನಿಗೆ ಹೋಗುತ್ತದೆ. ಕಾರವಾರದ ಓದುಗರು ಬಿಲ್ಲಿನ ಜತೆ ಇದನ್ನೂ ಕೇಳಿದ್ದರೆ ನಾನು ಎರಡು ಕೈ ಎತ್ತುತ್ತಿದ್ದೆ.

ಅವರು ಸದ್ದಿಲ್ಲದಿರುವುದನ್ನು ಗುಣ ಎಂದಿದ್ದಾರೆ. ನನ್ನ ಪ್ರಕಾರ ನಮ್ಮ ಜಿಲ್ಲೆಯಲ್ಲಿ ದೊಡ್ಡ ಅಪಾಯ ಅದೇ. ಕೋವಿ ಹಾರಿದರೆ ಊರಿಗೆ ಗೊತ್ತಾಗುತ್ತದೆ, ಯಾರು ಎತ್ತ ಎಂದು ಬೆಳಗಾಗುವುದರೊಳಗೆ ಮಾತಾಗುತ್ತದೆ. ಬಾಣಕ್ಕೆ ಸಾಕ್ಷಿಯಿಲ್ಲ. ಮತ್ತೆ ನಮ್ಮ ಕಾಡು ಖಾಲಿ ಕಾಡಲ್ಲ. ಸೊಪ್ಪಿನ ಬೆಟ್ಟದಲ್ಲಿ ದರಕು (ಒಣಗಿದ ಎಲೆ) ಗುಡಿಸುವವರು, ಬೇಸಗೆಯಲ್ಲಿ ಮುರುಗಲು, ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕುವವರು, ದನ ಹುಡುಕುವವರು, ಎಲ್ಲ ಬೆಳ್ಳಂಬೆಳಗ್ಗೆ ಅಲ್ಲೇ ಇರುತ್ತಾರೆ. ಹೆಚ್ಚಿನವರು ಹೆಂಗಸರು, ಕೆಂಪು ಸೀರೆ ಉಟ್ಟವರೂ ಇರುತ್ತಾರೆ. ಅಮೆರಿಕದಲ್ಲಿ ಟರ್ಕಿ ಬೇಟೆಗೆ ಹೋಗುವವರು ಕೆಂಪು, ಬಿಳಿ, ನೀಲಿ ಬಟ್ಟೆ ತೊಡಬಾರದು ಎಂದು ತರಬೇತಿಯಲ್ಲೇ ಹೇಳಿಕೊಡುತ್ತಾರೆ. ಪೊದೆಯ ಸಂದಿಯಲ್ಲಿ ಆ ಬಣ್ಣ ಕಂಡರೆ ಇನ್ನೊಬ್ಬ ಬೇಟೆಗಾರ ಗಂಡು ಟರ್ಕಿಯ ತಲೆ ಎಂದುಕೊಂಡಾನು. ನನ್ನ ಕಿಸೆಯಿಂದ ಇಣುಕುತ್ತಿದ್ದ ಕೆಂಪು ಕರವಸ್ತ್ರವನ್ನು ಗೆಳೆಯ ಕಾರಿನಲ್ಲೇ ಬಿಡಿಸಿದ್ದ. ಯಾರ ಹೊಲದಲ್ಲಿ ಯಾರಿದ್ದಾರೆ ಎಂದು ಗೊತ್ತಿರುವ ಜಾಗದಲ್ಲೇ ಇಷ್ಟು ಹೆದರಿಕೆ. ನಮ್ಮ ಬೆಟ್ಟದಲ್ಲಿ?

ಹಂದಿ ಟರ್ಕಿಯೂ ಅಲ್ಲ. ಗಾಯಗೊಂಡ ಹಂದಿ ಎದುರಾದರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬಾಣ ತಾಗಿದ ಪ್ರಾಣಿಯ ಜಾಡು ರಕ್ತ ನೋಡಿಕೊಂಡು ಹಿಡಿಯಬೇಕು. ಜುಲೈ ತಿಂಗಳ ಶಿರಸಿ ಮಳೆಯಲ್ಲಿ ಹತ್ತು ನಿಮಿಷಕ್ಕೆ ರಕ್ತವೂ ಇಲ್ಲ, ಹೆಜ್ಜೆಯೂ ಇಲ್ಲ.

ಬೇಟೆ ನಮಗೆ ಗೊತ್ತಿಲ್ಲದ್ದಲ್ಲ. ಹೋಳಿ ಹೊತ್ತಿಗೆ ನವಿಲುಗರಿ ಏರಿಸಿ ಬೇಡರ ವೇಷ ಕುಣಿಯುವ ಊರು ನಮ್ಮದು. ಕದ್ದು ನಡೆಯುವ ಶಿಕಾರಿಯೂ ಎಲ್ಲರಿಗೂ ಗೊತ್ತು, ಬಾಯಿ ಬಿಡುವುದಿಲ್ಲ ಅಷ್ಟೇ. ಬೈಕಿನ ಕ್ಲಚ್ ವೈರಿನ ಉರುಳು ಹಂದಿಗೆಂದು ಕಟ್ಟಿದ್ದು, ಚಿರತೆ ಬಂದು ಸಿಕ್ಕಿಕೊಳ್ಳುತ್ತದೆ. ಹಿಟ್ಟಿನ ಉಂಡೆಯಲ್ಲಿಟ್ಟ ನಾಡಬಾಂಬನ್ನು ಮೇಯಲು ಹೋದ ದನ ಕಚ್ಚುತ್ತದೆ. ನಮ್ಮ ಪಕ್ಕದ ಕೇರಿಯ ಒಂದು ಹಸುವಿಗೆ ಹೀಗಾಗಿ ಕೆಳದವಡೆಯೇ ಇರಲಿಲ್ಲ. ಅದು ನೀರು ಕುಡಿಯಲು ಬಾನಿಗೆ ಮುಖ ಹಾಕುತ್ತಿದ್ದದ್ದನ್ನು ನಾನು ಕಂಡಿದ್ದೇನೆ, ಇನ್ನು ಬರೆಯಲು ಆಗುವುದಿಲ್ಲ. ಇವನ್ನೆಲ್ಲ ಬೆಳೆ ಉಳಿಸಲು ಮಾಡುತ್ತಾರೆ ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಅದರಲ್ಲಿ ಎಷ್ಟೋ ಪಾಲು ಮಾಂಸಕ್ಕೆ, ಮಾರಾಟಕ್ಕೆ. ಮಾರಾಟ ನಿಲ್ಲಿಸದೆ ಬಿಲ್ಲು ಕೊಟ್ಟರೆ ಆ ದಂಧೆಗೆ ಇನ್ನೊಂದು ಆಯುಧ ಸಿಕ್ಕಿತು, ಅಷ್ಟೇ ಅಲ್ವಾ?

ಆನ್‌ಲೈನಿನಲ್ಲಿ ಬಿಲ್ಲು ತರಿಸಿಕೊಂಡು ಅಭ್ಯಾಸ ಶುರು ಮಾಡಿದ ಹುಡುಗರಿಗೂ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೋವಿ ಮಾತ್ರ ಅಲ್ಲ. ಉರುಳು ಹಾಕುವುದು, ಆಮಿಷ ಇಡುವುದು, ಪ್ರಯತ್ನ ಮಾಡುವುದೂ ಬೇಟೆಯೇ. ನವಿಲು 1963ರಿಂದ ರಾಷ್ಟ್ರಪಕ್ಷಿ, ಅನುಸೂಚಿ 1ರಲ್ಲಿದೆ. ಹೊಡೆದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಹಂದಿಯ ವಿಷಯ ಬೇರೆ. ಬೆಳೆಗೆ ಅಪಾಯ ಎಂದಾದರೆ ಅದೇ ಕಾಯ್ದೆಯ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಬರಹದಲ್ಲಿ ಅನುಮತಿ ಕೊಡಬಹುದು. ಕೇರಳದಲ್ಲಿ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿದರು. ಲೈಸೆನ್ಸ್ ಕೋವಿಯವರ ಪಟ್ಟಿ ಮಾಡಿ, ವಿಷ, ಸ್ಫೋಟಕ, ಕರೆಂಟು ಬೇಡ ಎಂದರು. ಹೊಡೆದ ಹಂದಿಯನ್ನು ಹೂಳಬೇಕು ಎಂದರು. ಇದು ಪೂರ್ತಿ ಸರಿಯಾಗಿ ನಡೆಯಿತು ಎಂದು ನಾನು ಹೇಳುವುದಿಲ್ಲ. ಆದರೆ ನಮಗೆ ಹತ್ತಿರದ ದಾರಿ ಅದು, ವಿಸ್ಕಾನ್ಸಿನ್ ಅಲ್ಲ.

ಅನುಮತಿಗೆ ಮೊದಲು ಬೇಕಾದ ಲೆಕ್ಕ ನಮ್ಮ ಹತ್ತಿರ ಇಲ್ಲ. ಹೋದ ವರ್ಷ ಗದ್ದೆ ಹಾಳಾದಾಗ ಪರಿಹಾರಕ್ಕೆ ಅರ್ಜಿ ಹಾಕಿದೆ. ಫೋಟೋ, ಪಹಣಿ, ಆಧಾರ್ ಎಲ್ಲ ಕೊಟ್ಟೆ. ಸ್ಥಳ ನೋಡಲು ಬರುವ ಹೊತ್ತಿಗೆ ಕೊಯ್ಲೇ ಮುಗಿದಿತ್ತು. ಬಂದವರು ತಾನೇ ಏನು ಬರೆದುಕೊಳ್ಳಬೇಕು? ಇಂಥ ಅರ್ಜಿ ಹಾಕದೇ ಬಿಟ್ಟವರೇ ಜಾಸ್ತಿ. ಹಾಗಾಗಿ ಕಾಗದದ ಮೇಲೆ ನಮ್ಮೂರಲ್ಲಿ ಹಂದಿಯ ಕಾಟವೇ ಇಲ್ಲ.

2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡ, ಮರ, ಪ್ರಾಣಿಗಳ ದಾಖಲೆ ಪುಸ್ತಕ ಇಡಬೇಕು. ಆ ಪುಸ್ತಕದ ಜತೆಗೇ ಇನ್ನೊಂದು ವಹಿ ಇಡಲಿ. ಯಾವ ದಿನ, ಯಾವ ಸರ್ವೆ ನಂಬರ್, ಯಾವ ಪ್ರಾಣಿ, ಹೆಜ್ಜೆ ನೋಡಿದವರು ಯಾರು, ಎಷ್ಟು ಗುಂಟೆ ಹೋಯಿತು. ಉರುಳು, ಬಾಂಬು ಸಿಕ್ಕರೆ ಅದೂ ಅಲ್ಲೇ ಬರೆಯಲಿ. ಎರಡು ಹಂಗಾಮಿನ ಲೆಕ್ಕ ಕೈಯಲ್ಲಿದ್ದರೆ 11ನೇ ಕಲಂ ಕೆಳಗೆ ಅನುಮತಿ ಕೇಳುವಾಗ ಯಾರೂ ಸುಮ್ಮನೆ ಕಳಿಸಲು ಆಗುವುದಿಲ್ಲ. ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ಈ ಅರ್ಜಿ ಬರೆದಿಟ್ಟಿದ್ದೇನೆ. ಕಾರವಾರದ ಓದುಗರಿಗೆ ಅದರ ಪ್ರತಿ ಬೇಕಾದರೆ ನಿಮ್ಮ ಪತ್ರಿಕೆಯ ಮೂಲಕ ತಿಳಿಸಲಿ, ಕಳಿಸುತ್ತೇನೆ.

ಇತಿ,
ಶಿರಸಿ ತಾಲ್ಲೂಕಿನ ಒಬ್ಬ ತೋಟಿಗ